ಮೇಜಿನ ಸುತ್ತ ಕೂತವರಿಗಾಗಿ ಬರೆಯುವುದು: ಟೇಬಲ್‌ಟಾಪ್ ಆಟಗಳ ಫ್ರೀಲ್ಯಾನ್ಸ್ ಕಥೆಗಾರರಿಗೊಂದು ಕೈಪಿಡಿ

ಕಾದಂಬರಿ ಓದುವವರು ಒಬ್ಬರೇ ಕೂತು ತಮಗೆ ಬೇಕಾದ ವೇಗದಲ್ಲಿ ಓದುತ್ತಾರೆ. ಒಬ್ಬೊಬ್ಬರೂ ಒಂದು ಪಾತ್ರವಾಗಿ ಆಡುವ ರೋಲ್‌ಪ್ಲೇಯಿಂಗ್ ಆಟವನ್ನು ನಡೆಸಿಕೊಡುವ ಗೇಮ್ ಮಾಸ್ಟರ್‌ಗೆ ಆ ಬಿಡುವಿಲ್ಲ. ಎದುರಿಗೆ ನಾಲ್ಕೈದು ಜನ ಕೂತಿದ್ದಾರೆ. ಒಬ್ಬರು ಆಗಲೇ ದಾಳ ಉರುಳಿಸಿದ್ದಾರೆ, ಇನ್ನೊಬ್ಬರು "ಈಕೆ ನಮ್ಮ ಹತ್ತಿರ ಸುಳ್ಳು ಹೇಳ್ತಿದ್ದಾಳಾ?" ಎಂದು ಕೇಳುತ್ತಿದ್ದಾರೆ. ಉತ್ತರ ಹತ್ತು ಸೆಕೆಂಡಿನೊಳಗೆ ಪುಟದ ಮೇಲೆ ಕಣ್ಣಿಗೆ ಬೀಳಬೇಕು. ಈ ಬರವಣಿಗೆಯ ಕಷ್ಟವೂ ಸೊಗಸೂ ಹುಟ್ಟುವುದು ಇಲ್ಲಿಂದಲೇ. ಕಥೆಯನ್ನು ಕೊನೆ ಮುಟ್ಟಿಸುವ ಕೆಲಸ ಮೇಜಿನ ಸುತ್ತ ಕೂತವರದು. ಅದಕ್ಕೆ ಬೇಕಾದ ಸಾಮಗ್ರಿ ಒದಗಿಸುವುದು ನಿಮ್ಮದು. ಒಳ್ಳೆಯ ಕಥೆಗಾರರು ಎಡವುವುದೂ ಇದೇ ಜಾಗದಲ್ಲಿ: ಆಟಗಾರರು ಮಾಡಬೇಕಾದ್ದನ್ನೆಲ್ಲ ತಾವೇ ಮಾಡಿ ಮುಗಿಸಿಬಿಟ್ಟಿರುತ್ತಾರೆ.

ಈ ಕೈಪಿಡಿ ಎರಡು ವಿಷಯಗಳ ಬಗ್ಗೆ. ಮೇಜಿಗೆ ಒದಗುವಂತೆ ಬರೆಯುವುದು ಹೇಗೆ, ಮತ್ತು ಆ ಬರಹದಿಂದ ಬರಬೇಕಾದ ಹಣ, ಹೆಸರು, ಹಕ್ಕು ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ.

ಕೆಲಸ ಬರುವ ರೂಪಗಳು

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇಯಿಂಗ್ ಆಟ ಮೂರು ಪುಟ್ಟ ಹೊತ್ತಿಗೆಗಳಾಗಿ ಬಂದಾಗ ಅವುಗಳಲ್ಲಿದ್ದದ್ದು ಬಹುಪಾಲು ನಿಯಮಗಳೇ. ಈಗಿನ ಪುಸ್ತಕಗಳಲ್ಲಿ ಊರು, ಜನ, ದೇವರು, ಹಳೆಯ ವೈರ ಎಲ್ಲಕ್ಕೂ ಅಧ್ಯಾಯಗಳಿರುತ್ತವೆ. ಫ್ರೀಲ್ಯಾನ್ಸ್ ಬರಹಗಾರರಿಗೆ ಕೆಲಸ ಸಿಗುವುದು ಹೆಚ್ಚಾಗಿ ಈ ಭಾಗದಲ್ಲಿ.

ಹೆಚ್ಚು ಸಿಗುವುದು ಲೋಕವರ್ಣನೆ ಮತ್ತು ಸಾಹಸ (ಅಡ್ವೆಂಚರ್), ಅಂದರೆ ಮೇಜಿನಲ್ಲಿ ಆಡಿಸಲೆಂದು ಬರೆದ ಕಥೆ. ಸಾಮಾನ್ಯವಾಗಿ ಒಂದು ಅಧ್ಯಾಯವನ್ನೋ ಒಂದು ಸಾಹಸವನ್ನೋ 3,000ದಿಂದ 15,000 ಪದಗಳ ಮಿತಿಯಲ್ಲಿ ವಹಿಸುತ್ತಾರೆ. ಅಧ್ಯಾಯಗಳ ಆರಂಭದಲ್ಲಿ ಬರುವ ಕಿರುಗತೆಗಳು 300ರಿಂದ 1,500 ಪದ. ಪ್ರಕಾಶಕರ ಲೋಕದಲ್ಲಿ ನಡೆಯುವ ಸಣ್ಣಕಥೆ, ಕಾದಂಬರಿಗಳು ಬೇರೆಯೇ ವಿಭಾಗದಿಂದ ಬರುತ್ತವೆ. ಹೊಸಬರಿಗೆ ಕಾದಂಬರಿ ನೇರವಾಗಿ ಸಿಗುವುದು ಅಪರೂಪ, ಮೊದಲು ಸಣ್ಣಕಥೆ ಕೊಟ್ಟು ನೋಡುತ್ತಾರೆ. ಇನ್ನು ಕಾರ್ಡ್ ಆಟಗಳ ಫ್ಲೇವರ್ ಟೆಕ್ಸ್ಟ್, ಅಂದರೆ ಕಾರ್ಡಿನ ಮೇಲೆ ನಿಯಮದ ಜೊತೆ ಬರುವ ಕಥೆಯ ಸಾಲು. ಇಲ್ಲಿ ಮಿತಿ ಪದಗಳಲ್ಲಿ ಇರುವುದಿಲ್ಲ, ಪದಗಳ ನಡುವಿನ ಖಾಲಿ ಜಾಗವೂ ಸೇರಿ ಅಕ್ಷರಗಳ ಲೆಕ್ಕದಲ್ಲಿ ಇರುತ್ತದೆ. ಕಾರ್ಡಿನ ನಿಯಮ ಕೊನೆಗಳಿಗೆಯಲ್ಲಿ ಒಂದು ಸಾಲು ಬೆಳೆದರೆ ಮೊದಲು ಹಾರಿಹೋಗುವುದು ನಿಮ್ಮ ಸಾಲು. ಹಾಗಾಗಿ ಪ್ರತಿ ಕಾರ್ಡಿಗೂ ಉದ್ದ, ಮಧ್ಯಮ, ಗಿಡ್ಡ ಎಂದು ಮೂರು ರೂಪಗಳನ್ನು ಒಟ್ಟಿಗೇ ಕಳಿಸುವ ಅಭ್ಯಾಸ ಇಟ್ಟುಕೊಳ್ಳಿ. ಶ್ಲೇಷೆಯ ಮೇಲೆ ನಿಂತ ಸಾಲು ಬೇರೆ ಭಾಷೆಗೆ ಹೋದಾಗ ಬಿದ್ದುಹೋಗುತ್ತದೆ ಎಂಬುದೂ ನೆನಪಿರಲಿ.

ಕಥೆ ಹೇಳುವ ಬೋರ್ಡ್ ಗೇಮ್‌ಗಳಲ್ಲಿ ಕಥಾಪುಸ್ತಕ ಸಂಖ್ಯೆಹಾಕಿದ ಖಂಡಗಳಾಗಿ ಇರುತ್ತದೆ: "ಬಾಗಿಲು ಒಡೆದರೆ 214ಕ್ಕೆ ಹೋಗಿ." ಇದನ್ನು ವರ್ಡ್ ಫೈಲಿನಲ್ಲಿ ಬರೆಯಲು ಹೋಗಬೇಡಿ, ಸ್ಪ್ರೆಡ್‌ಶೀಟ್ ಬಳಸಿ. ಖಂಡದ ಸಂಖ್ಯೆ, ಇಲ್ಲಿಗೆ ಎಲ್ಲಿಂದ ಬರುತ್ತಾರೆ, ಓದುವ ಪಠ್ಯ, ಆಯ್ಕೆಗಳು, ಆಯ್ಕೆಯ ಫಲ, ಪದಸಂಖ್ಯೆ: ಇಷ್ಟು ಕಾಲಮ್ ಸಾಕು. ಮುಗಿದ ಮೇಲೆ ಪ್ರತಿ ಸಂಖ್ಯೆಗೂ ಕನಿಷ್ಠ ಒಂದು ದಾರಿ ಬರುತ್ತದೆಯೇ ಎಂದು ಎಣಿಕೆ ಸೂತ್ರ ಹಾಕಿ ಪರೀಕ್ಷಿಸಿ. ಯಾರೂ ತಲುಪಲಾಗದ ಅನಾಥ ಖಂಡ ಮತ್ತು ತಿರುಗಿ ತನಗೇ ಬಂದು ಸೇರುವ ಸುತ್ತು, ಈ ಎರಡು ತಪ್ಪು ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಗಟ್ಟಿಯಾಗಿ ಓದುವ ಚೌಕಟ್ಟು

ಗೇಮ್ ಮಾಸ್ಟರ್ ಆಟಗಾರರಿಗೆ ಓದಿ ಹೇಳಲೆಂದು ಚೌಕಟ್ಟಿನೊಳಗೆ ಹಾಕುವ ಪಠ್ಯಕ್ಕೆ ಬಾಕ್ಸ್ ಟೆಕ್ಸ್ಟ್ ಎನ್ನುತ್ತಾರೆ. ನಿಮ್ಮ ಮಾದರಿ ಬರಹ ಕೈಗೆ ಬಂದಾಗ ಡೆವಲಪರ್‌ಗಳು, ಅಂದರೆ ಪ್ರಕಾಶಕರ ಪರವಾಗಿ ಬರಹಗಾರರಿಂದ ಬರೆಯಿಸಿ ತಿದ್ದಿಸುವವರು, ಮೊದಲು ಕಣ್ಣು ಹಾಯಿಸುವುದು ಇದರ ಮೇಲೆ. ಹೊಸಬರ ಬಾಕ್ಸ್ ಟೆಕ್ಸ್ಟ್ ಹೆಚ್ಚಾಗಿ ಹೀಗಿರುತ್ತದೆ:

"ಭಯದಿಂದ ನಡುಗುತ್ತ ನೀವು ಪುರಾತನ ದೀಪಸ್ತಂಭದ ಬಾಗಿಲನ್ನು ತಳ್ಳುತ್ತೀರಿ. ಮುನ್ನೂರು ವರ್ಷಗಳ ಹಿಂದೆ ನಾವಿಕರ ಸಂಘ ಕಟ್ಟಿಸಿದ ಈ ಗೋಪುರ ಎಷ್ಟೋ ದುರಂತಗಳನ್ನು ಕಂಡಿದೆ. ಇಲ್ಲೇನೋ ಸರಿಯಿಲ್ಲ ಎಂದು ನಿಮ್ಮ ಮನಸ್ಸು ಹೇಳುತ್ತದೆ."

ತಪ್ಪುಗಳು ಮೂರು. ಆಟಗಾರರ ಪಾತ್ರ ನಡುಗಬೇಕೋ ಬೇಡವೋ ಎಂದು ತೀರ್ಮಾನಿಸುವವರು ಆಟಗಾರರು. ಅವರ ಭಾವನೆ, ಅವರ ಚಲನೆ ಎರಡನ್ನೂ ಲೇಖಕರು ಕಸಿದುಕೊಂಡಾಯಿತು. ಮುನ್ನೂರು ವರ್ಷದ ಇತಿಹಾಸ ಬಾಗಿಲಲ್ಲಿ ನಿಂತವರಿಗೆ ಕಾಣುವುದಿಲ್ಲ, ಅದು ಗೇಮ್ ಮಾಸ್ಟರ್‌ಗೆ ಮೀಸಲಾದ ಟಿಪ್ಪಣಿಗೆ ಸೇರಬೇಕು. "ಏನೋ ಸರಿಯಿಲ್ಲ" ಎಂದರೆ ಆಟಗಾರರಿಗೆ ಹಿಡಿದು ಎಳೆಯಲು ಒಂದು ದಾರವೂ ಸಿಗುವುದಿಲ್ಲ. ಅದೇ ಜಾಗ, ಮೇಜಿಗೆ ಒದಗುವಂತೆ:

"ಬಾಗಿಲು ಅರೆತೆರೆದಿದೆ. ಒಳಗಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿದೆ. ಸುರುಳಿ ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆಗಳಿವೆ. ಎಲ್ಲವೂ ಮೇಲಕ್ಕೆ ಹೋದವು."

ನಾಲ್ಕು ವಾಕ್ಯ, ಎರಡು ಇಂದ್ರಿಯ, ಒಂದು ಪ್ರಶ್ನೆ. ಪ್ರಶ್ನೆ ಹುಟ್ಟಿಸುವ ವಿವರ ಕೊನೆಯಲ್ಲೇ ಬರಬೇಕು, ಏಕೆಂದರೆ ಕೇಳುವವರು ಪ್ರತಿಕ್ರಿಯೆ ಕೊಡುವುದು ಕೊನೆಗೆ ಕಿವಿಗೆ ಬಿದ್ದದ್ದಕ್ಕೆ. ಕೋಣೆಯಲ್ಲಿ ಕತ್ತಿ ಹಿಡಿದ ರಾಕ್ಷಸ ನಿಂತಿದ್ದರೆ ಮೊದಲ ವಾಕ್ಯದಲ್ಲಿ ಅವನನ್ನು ಹೇಳಿ ಆಮೇಲೆ ಗೋಡೆಯ ಚಿತ್ತಾರ ವರ್ಣಿಸಬೇಡಿ. ರಾಕ್ಷಸನ ಹೆಸರು ಬಂದ ಕ್ಷಣ ಎಲ್ಲರೂ ದಾಳಕ್ಕೆ ಕೈ ಹಾಕುತ್ತಾರೆ, ಚಿತ್ತಾರವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. 60 ಪದ ದಾಟಿದರೆ ಎರಡು ಭಾಗ ಮಾಡಿ. ಬರೆದದ್ದನ್ನು ಬಾಯಿಬಿಟ್ಟು ಓದಿ ನೋಡಿ. ನಡುವೆ ಉಸಿರು ಸಾಲದಿದ್ದರೆ ವಾಕ್ಯ ಉದ್ದವಾಗಿದೆ ಎಂದರ್ಥ.

ಪಾತ್ರ, ಗುಟ್ಟು, ಸುಳಿವು

ಗೇಮ್ ಮಾಸ್ಟರ್ ಆಡಿಸುವ ಪಾತ್ರಗಳಿಗೆ ಎನ್‌ಪಿಸಿ ಎನ್ನುವ ರೂಢಿ. ಒಂದು ಎನ್‌ಪಿಸಿಗೆ 60ರಿಂದ 80 ಪದ ಸಾಕು. ಈಗ ಆ ಪಾತ್ರಕ್ಕೆ ಏನು ಬೇಕು, ಅದಕ್ಕೆ ಅಡ್ಡ ಏನಿದೆ, ಆಟಗಾರರಿಗೆ ಉಪಯೋಗವಾಗುವಂಥದ್ದು ಏನು ಗೊತ್ತು, ಯಾವಾಗ ಬಾಯಿಬಿಡುತ್ತದೆ, ಮಾತಿನ ಧಾಟಿ ಹೇಗೆ: ಇವಿಷ್ಟು ಇರಲಿ. ದೀಪಸ್ತಂಭದ ಕಾವಲುಗಾರನ ಬಾಲ್ಯದ ಬಗ್ಗೆ 200 ಪದ ಬರೆಯುವ ಆಸೆ ಬರುತ್ತದೆ. ಆ ಬಾಲ್ಯ ಇಂದಿನ ರಾತ್ರಿಯ ಅವನ ನಡೆಯನ್ನು ಬದಲಿಸುತ್ತದೆಯೇ? ಬದಲಿಸುವುದಾದರೆ ಒಂದು ವಾಕ್ಯದಲ್ಲಿ ಹೇಳಿ. ಇಲ್ಲವಾದರೆ ತೆಗೆದುಹಾಕಿ. "ಸಂಕೀರ್ಣ ವ್ಯಕ್ತಿತ್ವದವನು" ಎಂದು ಓದಿದ ಗೇಮ್ ಮಾಸ್ಟರ್‌ಗೆ ಬಾಯಲ್ಲಿ ಏನು ಆಡಬೇಕೆಂದು ತಿಳಿಯುವುದಿಲ್ಲ. "ಪ್ರಶ್ನೆ ಕೇಳಿದರೆ ಮೊದಲು ಕಿಟಕಿಯತ್ತ ನೋಡುತ್ತಾನೆ, ಆಮೇಲೆ ಉತ್ತರಿಸುತ್ತಾನೆ" ಎಂದರೆ ತಕ್ಷಣ ಆಡಿಸಬಹುದು.

ಸಂಪಾದಕರಿಂದ ಹೆಚ್ಚು ಕೆಂಪು ಗೆರೆ ತಿನ್ನುವುದು ಆಟಗಾರರಿಗೆ ಎಂದೂ ತಿಳಿಯಲಾಗದ ಗುಟ್ಟು. ಖಳನ ಹಿಂದಿನ ದುಃಖ ನಾಲ್ಕು ಪ್ಯಾರಾದಷ್ಟು ಇರುತ್ತದೆ, ಅದು ಗೊತ್ತಿದ್ದವರು ಸತ್ತಿರುತ್ತಾರೆ, ಪತ್ರ ಸುಟ್ಟಿರುತ್ತದೆ, ಖಳ ಮಾತಾಡದೆ ಯುದ್ಧಕ್ಕಿಳಿಯುತ್ತಾನೆ. ಆ ನಾಲ್ಕು ಪ್ಯಾರಾ ಮೇಜಿನ ಮೇಲೆ ಯಾವತ್ತೂ ಬರುವುದಿಲ್ಲ. ಪ್ರತಿ ಗುಟ್ಟಿನ ಪಕ್ಕ "ಇದು ಹೊರಬರುವ ದಾರಿ" ಎಂದು ನಿಮಗೆ ನೀವೇ ಬರೆದುಕೊಳ್ಳಿ. ದಾರಿ ಸಿಗದಿದ್ದರೆ ಹೊಸ ದಾರಿ ಮಾಡಿ, ಅಥವಾ ಗುಟ್ಟನ್ನೇ ಬಿಡಿ.

ಆ ದಾರಿ ಒಂದೇ ಇರಬಾರದು. ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ಬರೆದ "ಮೂರು ಸುಳಿವು" ನಿಯಮ ಇಂದಿಗೂ ಸಾಹಸ ಬರೆಯುವವರ ಕೈಯಳತೆ: ಆಟಗಾರರು ತಲುಪಲೇಬೇಕಾದ ಪ್ರತಿ ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವು ಇಡಿ. ಒಂದನ್ನು ಅವರು ಗಮನಿಸುವುದಿಲ್ಲ, ಇನ್ನೊಂದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುತ್ತಾರೆ, ಮೂರನೆಯದು ಕೆಲಸ ಮಾಡುತ್ತದೆ. ಕಾವಲುಗಾರ ಮುಳುಗಿ ಸತ್ತ ಎಂಬುದು ತಿಳಿಯಲೇಬೇಕಾದರೆ ಮೆಟ್ಟಿಲ ಮೇಲಿನ ಒದ್ದೆ ಹೆಜ್ಜೆ, ಅರ್ಧಕ್ಕೆ ನಿಂತ ದಿನಚರಿ, ಬಂದರಿನಲ್ಲಿ ಅವನ ದೋಣಿ ಮಾತ್ರ ತಿರುಗಿ ಬಂದದ್ದನ್ನು ಕಂಡ ಬೆಸ್ತ, ಹೀಗೆ ಬೇರೆ ಬೇರೆ ಜಾಗಗಳಲ್ಲಿ ಹಂಚಿ. ಮೂರನ್ನೂ ಒಂದೇ ಕೋಣೆಯಲ್ಲಿಟ್ಟರೆ ಅದು ಒಂದೇ ಸುಳಿವಿಗೆ ಸಮ: ಆ ಕೋಣೆಗೆ ಅವರು ಹೋಗದೆಯೂ ಇರಬಹುದು. ಸುಳಿವು ದಾಳದ ಮೇಲೆ ನಿಂತಿದ್ದರೆ, ದಾಳ ಕೈಕೊಟ್ಟಾಗ ಆಟ ಹೇಗೆ ಮುಂದೆ ಸಾಗುತ್ತದೆ ಎಂದೂ ಬರೆಯಿರಿ.

ಅಧ್ಯಾಯದ ಮುಖದಲ್ಲಿ ಬರುವ ಕಿರುಗತೆಯ ಧರ್ಮ ಬೇರೆ. ಅದನ್ನು ಮೇಜಿನ ಬಳಿ ಯಾರೂ ಓದುವುದಿಲ್ಲ. ಕೊಂಡ ದಿನ ಮಂಚದ ಮೇಲೆ ಮಲಗಿ ಓದುತ್ತಾರೆ. ಅದು ಹೇಳಬೇಕಾದ್ದು "ಈ ಆಟದಲ್ಲಿ ನೀವು ಏನು ಮಾಡುತ್ತೀರಿ" ಎಂಬುದನ್ನು. ಕಳ್ಳತನದ ಆಟವಾದರೆ ಕಥೆ ಕಳ್ಳತನದ ನಟ್ಟನಡುವೆ ಶುರುವಾಗಲಿ. ನಾಯಕನನ್ನು ಲೋಕದ ಅತಿ ದೊಡ್ಡ ವೀರನನ್ನಾಗಿ ಮಾಡಬೇಡಿ. ಆ ಜಾಗ ಆಟಗಾರರದು. ನಿಯಮದ ಪ್ರಕಾರ ಆಗದ್ದನ್ನು ಕಥೆಯಲ್ಲಿ ಆಗಿಸಬೇಡಿ. ಆಟದಲ್ಲಿ ಗಾಯ ವಾಸಿಯಾಗಲು ವಾರ ಬೇಕೆಂದಿದ್ದರೆ ನಿಮ್ಮ ಪಾತ್ರ ಮರುದಿನವೇ ಓಡಾಡುವಂತಿಲ್ಲ. ಓದುಗರು ಇದನ್ನು ಹಿಡಿಯುತ್ತಾರೆ, ಖಂಡಿತ ಹಿಡಿಯುತ್ತಾರೆ.

ಮೊದಲ ಕೆಲಸ ಹಿಡಿಯುವುದು

ಕಾದಂಬರಿಯ ಮೂರು ಅಧ್ಯಾಯ ಕಳಿಸಿದರೆ ಡೆವಲಪರ್‌ಗೆ ನಿಮ್ಮಿಂದ ಏನು ಬರೆಯಿಸಬಹುದೆಂದು ತಿಳಿಯುವುದಿಲ್ಲ. ಆಟದ ರೂಪದಲ್ಲೇ ಇರುವ ಮಾದರಿ ಬೇಕು: ಒಂದು ಜಾಗ, ಎರಡು ಎನ್‌ಪಿಸಿ, ಒಂದು ಘಟನೆ, ಎಲ್ಲ ಸೇರಿ 800ರಿಂದ 1,000 ಪದ. ಅಂಥದ್ದನ್ನು ಮಾಡಿ ಹೊರಗೆ ಬಿಡಲು ದಾರಿಗಳಿವೆ. ಒಂದೇ ಪುಟದಲ್ಲಿ ಸಾಹಸ ಕಟ್ಟುವ ಒನ್ ಪೇಜ್ ಡಂಜನ್ ಸ್ಪರ್ಧೆ 2009ರಲ್ಲಿ ಶುರುವಾಯಿತು. ಸ್ಪರ್ಧೆಗೆ ಕಳಿಸದಿದ್ದರೂ ಆ ಮಿತಿ ಒಳ್ಳೆಯ ವ್ಯಾಯಾಮ. ಸಣ್ಣ ಹೊತ್ತಿಗೆಗಳಿಗಾಗಿ, ಜನರಿಂದ ಹಣ ಕೂಡಿಸುವ ತಾಣ ಕಿಕ್‌ಸ್ಟಾರ್ಟರ್ 2019ರಲ್ಲಿ ಜೀನ್ ಕ್ವೆಸ್ಟ್ (Zine Quest) ಶುರು ಮಾಡಿತು. ಇಚ್.ಐಓ (itch.io) ಎಂಬ ಮಾರಾಟ ತಾಣದಲ್ಲಿ ಪಿಡಿಎಫ್ ಹಾಕಲು ಯಾರ ಅನುಮತಿಯೂ ಬೇಡ. ಮುಗಿಸಿ ಹೊರಬಿಟ್ಟ ಎಂಟು ಪುಟದ ಹೊತ್ತಿಗೆಗೆ, ಡ್ರಾಯರ್‌ನಲ್ಲಿರುವ 300 ಪುಟದ ಲೋಕಕ್ಕಿಂತ ಹೆಚ್ಚು ಬೆಲೆ. ಮುಗಿಸುವ ಗುಣವೇ ಇಲ್ಲಿ ಮೊದಲ ಅರ್ಹತೆ.

ಪತ್ರ ಬರೆಯಬೇಕಾದ್ದು ಆ ಆಟದ ಸಾಲನ್ನು ನೋಡಿಕೊಳ್ಳುವ ಲೈನ್ ಡೆವಲಪರ್‌ಗೆ. ಪುಸ್ತಕಗಳ ಕ್ರೆಡಿಟ್ ಪುಟದಲ್ಲಿ ಹೆಸರು ಸಿಗುತ್ತದೆ. ಮೊದಲು ಪ್ರಕಾಶಕರ ಸಲ್ಲಿಕೆ ನಿಯಮ ಓದಿ: "ಕೇಳದೆ ಕಳಿಸಿದ ಕಥೆ, ಐಡಿಯಾ ಓದುವುದಿಲ್ಲ" ಎಂದಿದ್ದರೆ ಕಳಿಸಲೇಬೇಡಿ. ಅದೇ ಬಗೆಯ ಐಡಿಯಾ ಅವರಲ್ಲಿ ಮೊದಲೇ ತಯಾರಾಗುತ್ತಿದ್ದರೆ ಮುಂದೆ ಕದ್ದರೆಂಬ ಆರೋಪ ಬರಬಾರದು ಎಂದು ಆ ನಿಯಮ. ಪತ್ರ 150 ಪದ ಮೀರದಿರಲಿ. ನೀವು ಯಾರು, ಅವರ ಯಾವ ಪುಸ್ತಕವನ್ನು ಆಡಿದ್ದೀರಿ, ಯಾವ ಬಗೆಯ ಕೆಲಸ ಮಾಡಬಲ್ಲಿರಿ, ತಿಂಗಳಿಗೆ ಎಷ್ಟು ಪದ, ಮಾದರಿಗಳ ಎರಡು ಕೊಂಡಿ. ಉತ್ತರ ಬರದಿದ್ದರೆ ಆರು ವಾರದ ನಂತರ ಒಮ್ಮೆ ನೆನಪಿಸಿ, ಮತ್ತೆ ಬೇಡ. ಮುಂದಿನ ಪುಸ್ತಕ ಬಂದಾಗ ಹೊಸ ಮಾದರಿಯೊಂದಿಗೆ ಬರೆಯಬಹುದು.

10,000 ಪದದ ಲೆಕ್ಕ

10,000 ಪದದ ಸಾಹಸವೊಂದು ಒಪ್ಪಿಗೆಯಾಯಿತು ಎನ್ನಿ. ಮೊದಲ ವಾರ ಬ್ರೀಫ್ (ಏನು ಬರೆಯಬೇಕೆಂದು ಅವರು ಕೊಟ್ಟ ವಿವರ), ಶೈಲಿ ಕೈಪಿಡಿ, ಲೋಕದ ಹಳೆಯ ಪುಸ್ತಕಗಳನ್ನು ಓದಿ 800ರಿಂದ 1,000 ಪದದ ರೂಪರೇಖೆ ಕಳಿಸಿ. ಅದಕ್ಕೆ ಒಪ್ಪಿಗೆ ಬರುವವರೆಗೆ ಪೂರ್ಣ ಕರಡಿಗೆ ಕೈ ಹಾಕಬೇಡಿ. ರೂಪರೇಖೆಯಲ್ಲಿ ಪ್ರತಿ ಭಾಗದ ಪಕ್ಕ ಪದಹಂಚಿಕೆ ಬರೆಯಿರಿ: ಹಿನ್ನೆಲೆ 600, ಬಂದರು 2,000, ಗೋಪುರ 4,000, ಗುಹೆ 2,400, ಮುಕ್ತಾಯ ಮತ್ತು ಮುಂದಿನ ಎಳೆಗಳು 1,000. ಹೀಗೆ ಹಂಚದವರ ಹಿನ್ನೆಲೆಯೇ 3,000 ಪದವಾಗಿ, ಅತಿ ಮುಖ್ಯವಾದ ಗುಹೆಗೆ 900 ಉಳಿಯುತ್ತದೆ. ಲೆಟರ್ ಅಳತೆಯ ಎರಡು ಕಾಲಮಿನ ಪುಟ, ಚಿತ್ರಕ್ಕೂ ಜಾಗ ಬಿಟ್ಟರೆ, ಸರಿಸುಮಾರು 800 ಪದ ಹಿಡಿಯುತ್ತದೆ. ಅಂದರೆ ನಿಮ್ಮದು ಹನ್ನೆರಡು ಹದಿಮೂರು ಪುಟ.

ಆಮೇಲೆ ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ 700 ಪದ. ಐದನೆಯ ವಾರ ಯಾರಿಗಾದರೂ ಆಡಿಸಿ ನೋಡಿ. ಆಡಿಸುವವರು ನೀವಾಗಬಾರದು: ಪುಟದಲ್ಲಿ ಬಿಟ್ಟುಹೋದದ್ದನ್ನು ನಿಮ್ಮ ತಲೆ ತಾನೇ ತುಂಬಿಕೊಳ್ಳುತ್ತದೆ. ಬೇರೊಬ್ಬರು ನಡೆಸುವಾಗ ಪಕ್ಕದಲ್ಲಿ ಸುಮ್ಮನೆ ಕೂತು, ಅವರು ಪುಟ ತಿರುಗಿಸಿ ಹುಡುಕಿದ ಜಾಗಗಳನ್ನಷ್ಟೇ ಗುರುತಿಸಿ. ಆರನೆಯ ವಾರ ತಿದ್ದಿ ಕಳಿಸಿ.

ಗಂಟೆಗಳನ್ನು ಕೂಡಿ. ಓದು 8, ರೂಪರೇಖೆ 6, ಗಂಟೆಗೆ 300 ಪದದಂತೆ ಕರಡು 35, ಸ್ವಂತ ತಿದ್ದುಪಡಿ 8, ಸಂಪಾದಕರ ಟಿಪ್ಪಣಿ ಬಂದ ಮೇಲಿನ ಪರಿಷ್ಕರಣೆ 10, ಇಮೇಲ್ ಮತ್ತು ಮಾತುಕತೆ 3. ಒಟ್ಟು 70 ಗಂಟೆ. ಪದಕ್ಕೆ 6 ಸೆಂಟ್ ಆದರೆ 600 ಡಾಲರ್, ಗಂಟೆಗೆ ಎಂಟೂವರೆ ಡಾಲರ್ ಚಿಲ್ಲರೆ. 10 ಸೆಂಟ್ ಆದರೆ ಗಂಟೆಗೆ 14 ಚಿಲ್ಲರೆ. ಪದದರ ಕೇಳಿ ಹಿಗ್ಗುವ ಮೊದಲು ಈ ಭಾಗಾಕಾರ ಮಾಡಿ. ನಿಮಗೆ ಹೊಸದಾದ ಲೋಕದಲ್ಲಿ ಓದಿಗೇ 25 ಗಂಟೆ ಹಿಡಿಯಬಹುದು, ಆದ್ದರಿಂದ ಅದೇ ಪ್ರಕಾಶಕರ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಯಾವಾಗಲೂ ಲಾಭ. ಹೋಲಿಕೆಗೆ: ಅಮೆರಿಕದ ವೈಜ್ಞಾನಿಕ ಹಾಗೂ ಕಲ್ಪನಾ ಕಥೆಗಾರರ ಸಂಘ ಎಸ್‌ಎಫ್‌ಡಬ್ಲ್ಯೂಎ ಸಣ್ಣಕಥೆಗೆ ವೃತ್ತಿಪರ ದರವೆಂದು 2019ರಲ್ಲಿ ಪದಕ್ಕೆ 8 ಸೆಂಟ್ ನಿಗದಿ ಮಾಡಿತು. ಆಟದ ಬರಹದಲ್ಲಿ ಅದಕ್ಕಿಂತ ಕಡಿಮೆ ಕೊಡುವವರು ಬೇಕಾದಷ್ಟಿದ್ದಾರೆ. ಇದೊಂದರಿಂದಲೇ ಮನೆ ನಡೆಸುವವರು ಕಡಿಮೆ. ಬಹಳಷ್ಟು ಜನ ಸಂಪಾದಕರ ಕೆಲಸ, ಅನುವಾದ ಅಥವಾ ಬೇರೆ ನೌಕರಿಯ ಜೊತೆಗೆ ಮಾಡುತ್ತಾರೆ. ಮೂರು ಕೆಲಸದ ಗಡುವು ಒಂದೇ ವಾರಕ್ಕೆ ಬೀಳದಂತೆ ಒಪ್ಪಿಕೊಳ್ಳುವಾಗಲೇ ಕ್ಯಾಲೆಂಡರ್ ನೋಡಿ, ಕರಡಿನ ದಿನದ ಜೊತೆಗೆ ಪರಿಷ್ಕರಣೆಯ ವಾರಗಳನ್ನೂ ಗುರುತು ಹಾಕಿ. ಗಡುವು ತಪ್ಪುವುದು ಹೆಚ್ಚಾಗಿ ಹಳೆಯ ಕೆಲಸದ ಪರಿಷ್ಕರಣೆ ಹೊಸ ಕೆಲಸದ ಮಧ್ಯೆ ಬಂದು ಕೂತಾಗ. ತಪ್ಪುತ್ತದೆ ಎಂದು ಗೊತ್ತಾದ ದಿನವೇ ತಿಳಿಸಿ. ಎರಡು ವಾರ ಮುಂಚೆ ಹೇಳಿದರೆ ಡೆವಲಪರ್ ಪುಟವಿನ್ಯಾಸದ ಸರದಿಯನ್ನು ಹಿಂದೆಮುಂದೆ ಮಾಡಬಲ್ಲರು, ಗಡುವಿನ ರಾತ್ರಿ ಹೇಳಿದರೆ ಏನೂ ಮಾಡಲಾಗದು.

ಮಿತಿ 10,000 ಎಂದಮೇಲೆ 11,800 ಕಳಿಸಬೇಡಿ. ಹಣ 10,000ಕ್ಕೇ ಬರುತ್ತದೆ, ಮೇಲಾಗಿ ಕತ್ತರಿಸುವ ಕೆಲಸ ಡೆವಲಪರ್ ತಲೆಗೆ ಬೀಳುತ್ತದೆ. ಯಾವುದು ಮುಖ್ಯವೆಂದು ನಿಮ್ಮಷ್ಟು ಅವರಿಗೆ ತಿಳಿಯದು, ನಿಮ್ಮ ಮೂರನೆಯ ಸುಳಿವೇ ಹೋಗಬಹುದು.

ಕರಾರು

ಆಟದ ಕೆಲಸ ಬಹುಪಾಲು ವರ್ಕ್ ಫಾರ್ ಹೈರ್. ಅಂದರೆ ಬರೆದ ಕ್ಷಣದಿಂದಲೇ ಹಕ್ಕು ಪ್ರಕಾಶಕರದು, ಕಾನೂನಿನ ಕಣ್ಣಿಗೆ ಲೇಖಕರೂ ಅವರೇ. ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಫ್ರೀಲ್ಯಾನ್ಸರ್ ಬರೆದದ್ದು ಹಾಗೆ ಆಗಬೇಕಾದರೆ ಇಬ್ಬರೂ ಸಹಿ ಮಾಡಿದ ಲಿಖಿತ ಒಪ್ಪಂದ ಬೇಕು, ಬರಹ ಕಾಯಿದೆ ಹೆಸರಿಸಿರುವ ಒಂಬತ್ತು ಬಗೆಗಳಲ್ಲಿ ಒಂದಕ್ಕೆ ಸೇರಬೇಕು. ಸೇರದಿದ್ದರೂ ಕೈತಪ್ಪದಿರಲಿ ಎಂದು "ಇಲ್ಲವಾದರೆ ಎಲ್ಲ ಹಕ್ಕು ವರ್ಗಾಯಿಸಲಾಗಿದೆ" ಎಂಬ ಸಾಲನ್ನೂ ಸೇರಿಸಿರುತ್ತಾರೆ. ಎರಡರಲ್ಲಿ ವ್ಯತ್ಯಾಸವಿದೆ: ವರ್ಗಾಯಿಸಿದ ಹಕ್ಕನ್ನು 35 ವರ್ಷದ ನಂತರ ಹಿಂಪಡೆಯಲು ಆ ಕಾಯಿದೆ ಅವಕಾಶ ಕೊಡುತ್ತದೆ, ವರ್ಕ್ ಫಾರ್ ಹೈರ್‌ಗೆ ಆ ಅವಕಾಶವಿಲ್ಲ. ಬೇರೆಯವರ ಲೋಕದಲ್ಲಿ ಬರೆಯುವಾಗ ಈ ವ್ಯವಸ್ಥೆ ಸಹಜವೇ. ಆದರೆ ವರ್ಷಗಟ್ಟಲೆ ಸಾಕಿಕೊಂಡ ನಿಮ್ಮದೇ ನಗರ, ನಿಮ್ಮದೇ ಖಳ, ನಿಮ್ಮದೇ ದೇವತೆಯನ್ನು ಇಂಥ ಕರಾರಿನೊಳಗೆ ಹಾಕಬೇಡಿ. ಮತ್ತೆ ಬಳಸುವ ಹಕ್ಕು ನಿಮಗೆ ಇರುವುದಿಲ್ಲ.

ಸಹಿಗೆ ಮುಂಚೆ ಹುಡುಕಬೇಕಾದ್ದರಲ್ಲಿ ಮೊದಲನೆಯದು ಹಣ ಯಾವಾಗ ಎಂಬುದು. "ಪ್ರಕಟಣೆಯ ನಂತರ" ಎಂದಿದ್ದರೆ ಎಚ್ಚರ: ಚಿತ್ರ ತಡವಾಯಿತು, ಮುದ್ರಣ ತಡವಾಯಿತು, ಹಡಗು ತಡವಾಯಿತು ಎಂದು ವರ್ಷಗಳೇ ಹೋಗಬಹುದು. ಪುಸ್ತಕ ಹೊರಬರದಿದ್ದರೆ ಏನೂ ಬರುವುದಿಲ್ಲ. "ಅಂತಿಮ ಕರಡು ಒಪ್ಪಿದ 30 ದಿನದೊಳಗೆ" ಎಂದು ಕೇಳಿ, ಜೊತೆಗೆ "30 ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ" ಎಂಬ ಸಾಲನ್ನೂ ಕೇಳಿ. ಎರಡನೆಯ ಸಾಲಿಲ್ಲದಿದ್ದರೆ ಕರಡು ಯಾರದೋ ಇನ್‌ಬಾಕ್ಸಿನಲ್ಲಿ ಕೂತೇ ಇರುತ್ತದೆ. ಕೆಲಸ ರದ್ದಾದರೆ ಕೊಡುವ ಕಿಲ್ ಫೀ ಎಷ್ಟು ಎಂದು ಬರೆದಿರಲಿ. 25ರಿಂದ 50 ಪ್ರತಿಶತ ಕೇಳುವುದು ನ್ಯಾಯವೇ. ರದ್ದಾದ ಬರಹದ ಹಕ್ಕು ನಿಮಗೆ ಮರಳುತ್ತದೆಯೇ ಎಂದೂ ಕೇಳಿ.

ಪರಿಷ್ಕರಣೆ ಒಂದೋ ಎರಡೋ ಸುತ್ತು ಎಂದು ಸಂಖ್ಯೆ ಇರಲಿ. ಬ್ರೀಫ್ ಅನ್ನೇ ಅವರು ಬದಲಿಸಿದರೆ ಅದು ಪರಿಷ್ಕರಣೆಯಲ್ಲ, ಹೊಸ ಕೆಲಸ. ನಷ್ಟಭರ್ತಿಯ ವಾಕ್ಯದಲ್ಲಿ, ಅಂದರೆ ನಿಮ್ಮ ಬರಹದಿಂದ ದಾವೆ ಬಂದರೆ ನಷ್ಟ ನೀವೇ ಭರಿಸಬೇಕೆನ್ನುವ ಸಾಲಿನಲ್ಲಿ, "ನನಗೆ ತಿಳಿದಮಟ್ಟಿಗೆ" ಎಂಬ ಮಾತು ಸೇರಿಸಿ, ನಿಮ್ಮ ಹೊಣೆ ಪಡೆದ ಸಂಭಾವನೆಯಷ್ಟಕ್ಕೆ ನಿಲ್ಲುವಂತೆ ಕೇಳಿ. 600 ಡಾಲರಿನ ಕೆಲಸಕ್ಕೆ ಮಿತಿಯಿಲ್ಲದ ಹೊಣೆ ಹೊರಬಾರದು. "ಬೇರೆ ಆಟದ ಪ್ರಕಾಶಕರಿಗೆ ಬರೆಯುವಂತಿಲ್ಲ" ಎಂಬ ಷರತ್ತಿದ್ದರೆ ಅಳಿಸಲು ಹೇಳಿ. ಫ್ರೀಲ್ಯಾನ್ಸರ್‌ಗೆ ಅದು ಹೊಟ್ಟೆಯ ಮೇಲೆ ಹೊಡೆತ. ಗೋಪ್ಯತೆಯ ಒಪ್ಪಂದ ಯಾವತ್ತು ಮುಗಿಯುತ್ತದೆ, ಮುಗಿದ ಮೇಲೆ ಮಾದರಿಯಾಗಿ ಎಷ್ಟು ಭಾಗ ತೋರಿಸಬಹುದು ಎಂಬುದೂ ಬೇಕು. ತಿದ್ದುಪಡಿ ಕೇಳಿದ್ದಕ್ಕೆ ಕೆಲಸವನ್ನೇ ಕಸಿದುಕೊಳ್ಳುವವರ ಜೊತೆ ಮುಂದೆ ಹಣಕ್ಕೂ ಗುದ್ದಾಡಬೇಕಾಗುತ್ತದೆ.

ಕಿಕ್‌ಸ್ಟಾರ್ಟರ್ ಯೋಜನೆಗಳಲ್ಲಿ ಸ್ಟ್ರೆಚ್ ಗೋಲ್ ಲೇಖಕರಾಗಿ ಹೆಸರು ಹಾಕಿಕೊಳ್ಳುತ್ತಾರೆ: ಇಷ್ಟು ಮೊತ್ತ ದಾಟಿದರೆ ಮಾತ್ರ ನಿಮ್ಮ ಅಧ್ಯಾಯ. ಗೋಲ್ ದಾಟಿ, ಕರಾರು ಕೈಗೆ ಬರುವವರೆಗೆ ಬರೆಯಬೇಡಿ. ನಿಮ್ಮ ಹೆಸರು ಪ್ರಚಾರಕ್ಕೆ ಬಳಕೆಯಾಗಿ, ಗೋಲ್ ಮುಟ್ಟದಿದ್ದರೆ ಏನು ಕೊಡುತ್ತಾರೆ ಎಂದು ಮೊದಲೇ ಕೇಳಿ.

ಅಮೆರಿಕದ ಹೊರಗಿದ್ದು ಅಲ್ಲಿನ ಪ್ರಕಾಶಕರಿಂದಲೋ ಮಾರಾಟ ತಾಣದಿಂದಲೋ ರಾಯಲ್ಟಿ ಪಡೆಯುವವರು ಡಬ್ಲ್ಯೂ-8ಬಿಇಎನ್ ಎಂಬ ಅಮೆರಿಕದ ತೆರಿಗೆ ನಮೂನೆ ತುಂಬಿಕೊಡಬೇಕು. ಅದಿಲ್ಲದಿದ್ದರೆ 30 ಪ್ರತಿಶತ ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ. ಸಹಿ ಹಾಕಿದ ವರ್ಷ ಕಳೆದು ಮೂರನೆಯ ವರ್ಷದ ಕೊನೆಯವರೆಗೆ ಅದು ಸಾಮಾನ್ಯವಾಗಿ ಚಾಲ್ತಿಯಲ್ಲಿರುತ್ತದೆ. ಮುಗಿಯುವ ತಾರೀಕನ್ನು ಕ್ಯಾಲೆಂಡರಿಗೆ ಹಾಕಿ.

ಸ್ವಂತವಾಗಿ ಹೊರತರುವಾಗ

ಆಟ ಆಡುವ ವಿಧಾನಕ್ಕೆ ಅಮೆರಿಕದಲ್ಲಿ ಹಕ್ಕುಸ್ವಾಮ್ಯವಿಲ್ಲ, ಅದನ್ನು ಬರೆದ ಮಾತುಗಳಿಗೆ ಇದೆ. ಹಾಗಾಗಿ ಬೇರೆಯವರ ನಿಯಮದ ಪಠ್ಯ ಬಳಸಬೇಕಾದರೆ ಪರವಾನಗಿ ನೋಡಬೇಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟಿಸುವ ವಿಜರ್ಡ್ಸ್ ಆಫ್ ದಿ ಕೋಸ್ಟ್, ಆಟದ ನಿಯಮಪಠ್ಯವನ್ನು ಬೇರೆಯವರೂ ಬಳಸಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಅನ್ನು 2000ದಲ್ಲಿ ತಂದಿತು. ಅದನ್ನು ಬದಲಿಸುವ ಯತ್ನಕ್ಕೆ 2023ರ ಜನವರಿಯಲ್ಲಿ ಬರಹಗಾರರು, ಆಟಗಾರರು ದೊಡ್ಡ ವಿರೋಧ ಮಾಡಿದ ಮೇಲೆ ಕಂಪನಿ ಹಿಂದೆ ಸರಿದು, ಎಸ್‌ಆರ್‌ಡಿ 5.1 ಎಂಬ ಮೂಲ ನಿಯಮಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಸಿಸಿ-ಬಿವೈ 4.0 ಅಡಿ ಬಿಡುಗಡೆ ಮಾಡಿತು. ಅಲ್ಲಿ ಹೇಳಿರುವ ಕೃತಜ್ಞತೆಯ ಸಾಲನ್ನು ಹಾಗೆಯೇ ನಿಮ್ಮ ಪುಸ್ತಕದಲ್ಲಿ ಹಾಕಿದರೆ ಮಾರಲೂಬಹುದು. ಆ ಕಂಪನಿಯ ಲೋಕಗಳು, ಹೆಸರಾಂತ ಪಾತ್ರಗಳು ಮಾತ್ರ ಆ ಪರವಾನಗಿಯಲ್ಲಿ ನಿಮಗೆ ಸಿಕ್ಕಂತಲ್ಲ.

ಅವರ ಲೋಕದಲ್ಲೇ ಬರೆಯುವ ಆಸೆಯಿದ್ದರೆ 2016ರಲ್ಲಿ ಶುರುವಾದ ಡಿಎಮ್ಸ್ ಗಿಲ್ಡ್ ಎಂಬ ಮಾರಾಟ ತಾಣ ಇದೆ. ಮಾರಾಟದ 50 ಪ್ರತಿಶತ ಲೇಖಕರಿಗೆ. ಆದರೆ ಅಲ್ಲಿ ಹಾಕಿದ್ದನ್ನು ಬೇರೆ ಕಡೆ ಮಾರುವಂತಿಲ್ಲ. ಆ ಲೋಕಕ್ಕೆಂದೇ ಬರೆದದ್ದನ್ನು ಅಲ್ಲಿ ಹಾಕಿ. ಯಾವ ಲೋಕಕ್ಕೂ ಹೊಂದುವ ದೀಪಸ್ತಂಭದ ಸಾಹಸವನ್ನು ಸ್ವಂತ ಹೆಸರಿನಲ್ಲಿ ಹೊರಗೆ ತನ್ನಿ.

ಕರಡು ಕೈಬಿಟ್ಟ ಮೇಲೆ

ಎರಡು ಮೂರು ವಾರದಲ್ಲಿ ರೆಡ್‌ಲೈನ್ಸ್, ಅಂದರೆ ಡೆವಲಪರ್‌ನ ಟಿಪ್ಪಣಿಗಳು ಬರುತ್ತವೆ. ಮೊದಲ ಸಲ ನೂರಾರು ಟಿಪ್ಪಣಿ ಕಂಡು ಎದೆ ಕುಸಿಯಬಾರದು. ಬಹಳಷ್ಟು ಶೈಲಿ ಕೈಪಿಡಿಗೆ ಸೇರಿದವು. ನಿಯಮದ ತಪ್ಪು ಮತ್ತು ಲೋಕದ ಹಳೆಯ ಸಂಗತಿಯ ತಪ್ಪುಗಳನ್ನು ಪ್ರಶ್ನೆಯಿಲ್ಲದೆ ತಿದ್ದಿ. ಕಥೆಯ ಅರ್ಥವನ್ನೇ ಬದಲಿಸುವ ಟಿಪ್ಪಣಿಗೆ ಮಾತ್ರ ಉತ್ತರ ಬರೆಯಿರಿ, ಅದೂ ಆಟದ ಭಾಷೆಯಲ್ಲಿ. "ನನಗೆ ಈ ದೃಶ್ಯ ಇಷ್ಟ" ಎಂದರೆ ತೂಕವಿಲ್ಲ. "ಬೆಸ್ತನನ್ನು ತೆಗೆದರೆ ಗೋಪುರಕ್ಕೆ ಹೋಗದ ಆಟಗಾರರಿಗೆ ಯಾವ ಸುಳಿವೂ ಉಳಿಯುವುದಿಲ್ಲ" ಎಂದರೆ ತೂಕವಿದೆ. ಕೊನೆಗೆ ನಿರ್ಧಾರ ಅವರದೇ.

ಒಂದು ಸಮುದಾಯದ ನಂಬಿಕೆ, ಗಾಯ, ಇತಿಹಾಸದ ಛಾಯೆ ನಿಮ್ಮ ಲೋಕದಲ್ಲಿದ್ದರೆ, ಆ ಸಮುದಾಯದವರಿಂದ ಓದಿಸಲು ಹಣ ಮತ್ತು ವೇಳೆ ಇಡುವಂತೆ ರೂಪರೇಖೆಯ ಹಂತದಲ್ಲೇ ಡೆವಲಪರ್‌ಗೆ ಹೇಳಿ. ಚಿತ್ರ ಬಿಡಿಸಿಯಾದ ಮೇಲೆ ಯಾರೂ ಬದಲಾಯಿಸುವುದಿಲ್ಲ.

ಅಂತಿಮ ಕರಡು ಒಪ್ಪಿದ ದಿನವೇ ಇನ್‌ವಾಯ್ಸ್ ಕಳಿಸಿ: ಕೆಲಸದ ಹೆಸರು, ಕರಾರಿನ ತಾರೀಕು, ಪದಸಂಖ್ಯೆ, ದರ, ಮೊತ್ತ, ಪಾವತಿಯ ಕೊನೆಯ ದಿನ. ಆ ದಿನ ದಾಟಿ ಒಂದು ವಾರಕ್ಕೆ ನೆನಪೋಲೆ ಕಳಿಸಿ. ಪುಟವಿನ್ಯಾಸದ ಪಿಡಿಎಫ್ ಕೈಗೆ ಬಂದಾಗ ಮೊದಲು ಬಾಕ್ಸ್ ಟೆಕ್ಸ್ಟ್ ನೋಡಿ, ಚೌಕಟ್ಟಿನೊಳಗೆ ಗೇಮ್ ಮಾಸ್ಟರ್‌ನ ಗುಟ್ಟು ಸೇರಿಕೊಂಡಿರುವುದುಂಟು. ಆಮೇಲೆ ಕ್ರೆಡಿಟ್ ಪುಟ ತೆರೆದು ನಿಮ್ಮ ಹೆಸರಿದೆಯೇ, ಕಾಗುಣಿತ ಸರಿಯೇ ಎಂದು ಪರೀಕ್ಷಿಸಿ. ಈ ಹಂತದಲ್ಲಿ ತಿದ್ದುವುದು ಒಂದು ನಿಮಿಷದ ಕೆಲಸ. ಅಚ್ಚಾದ ಮೇಲೆ ಎರಡನೆಯ ಮುದ್ರಣದವರೆಗೆ ಕಾಯಬೇಕು.